ಮನೆಯ ಮಾತು ತಾಗಿದಾಗ: ಕಿರಿಯಳಿಗೊಂದು ಪತ್ರ

ಮಗಳೇ,



ಪಿಯುಸಿ ಫಲಿತಾಂಶ ಬಂದ ವಾರ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ‘ಗಣಿತದಲ್ಲಿ ಯಾಕೆ ಕಡಿಮೆ ಬಂತು?’ ಎಂದು ಶುರುವಾದದ್ದು ಎರಡೇ ನಿಮಿಷದಲ್ಲಿ ‘ನೀನು ಹುಟ್ಟಿದ್ದೇ ದಂಡ’ ಎನ್ನುವಲ್ಲಿಗೆ ಮುಟ್ಟುತ್ತದೆ. ಮೊದಲನೆಯದು ಒಂದು ವಿಷಯದ ಅಂಕದ ಮಾತು, ಎರಡನೆಯದು ಇಡೀ ಬದುಕಿನ ಮೇಲೆ ಬಿದ್ದ ಮಾತು. ಆಡಿದ ಅಪ್ಪ ರಾತ್ರಿ ಊಟದ ಹೊತ್ತಿಗೆ ಮರೆತಿರುತ್ತಾರೆ. ಕೇಳಿಸಿಕೊಂಡ ಹುಡುಗಿ ಮರೆತಿರುವುದಿಲ್ಲ. ‘ಮನೆ ಅಂದಮೇಲೆ ಇದ್ದದ್ದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂದು ಸಮಾಧಾನ ಹೇಳುವ ಹಿರಿಯರು ಬಹಳ. ಆದರೆ ಮನೆಯ ಮಾತು ಎಷ್ಟು ತಾಗುತ್ತದೆ ಎಂದು ಅಳೆದು ನೋಡಿದವರಿದ್ದಾರೆ. ಅವರು ಕಂಡದ್ದು ನಿನಗೆ ತಿಳಿದಿರಲಿ.

1950ರ ದಶಕದ ಲಂಡನ್. ಹೊಸ ಔಷಧಿಗಳು ಬಂದು, ಮಾನಸಿಕ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಇದ್ದ ಸ್ಕಿಜೋಫ್ರೇನಿಯಾ ರೋಗಿಗಳು ಹೊರಬರತೊಡಗಿದ್ದ ಕಾಲ. ಅವರಲ್ಲಿ ಯಾರು ಚೇತರಿಸಿಕೊಳ್ಳುತ್ತಾರೆ, ಯಾರು ಮತ್ತೆ ಆಸ್ಪತ್ರೆ ಸೇರುತ್ತಾರೆ ಎಂದು ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಹುಡುಕಿ ನೋಡಿದರು. ತಂದೆತಾಯಿಯ ಬಳಿಗೋ ಹೆಂಡತಿಯ ಬಳಿಗೋ ಹೋದವರಿಗಿಂತ ಬಾಡಿಗೆ ಕೋಣೆ ಹಿಡಿದವರ ಸ್ಥಿತಿಯೇ ಮೇಲಾಗಿತ್ತು! ಕಾರಣ ತಿಳಿಯಲು ಮನೆಯವರನ್ನು ಗಂಟೆಗಟ್ಟಲೆ ಮಾತನಾಡಿಸಿದರು. ಏನು ಹೇಳಿದರು ಎನ್ನುವುದರ ಜೊತೆಗೆ ಯಾವ ದನಿಯಲ್ಲಿ ಹೇಳಿದರು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿದರು. ಟೀಕೆ, ಹಗೆ, ಮತ್ತು ಬೆಳೆದ ಮಗನನ್ನೂ ಕೂಸಿನಂತೆ ಕಾಯುವ ಅತಿಕಾಳಜಿ ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚಿತ್ತು. 1976ರಲ್ಲಿ ಸಂಶೋಧಕರಾದ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಪುನಃ ಪರೀಕ್ಷಿಸಿದಾಗಲೂ ಹಾಗೆಯೇ ಕಂಡಿತು. ಖಿನ್ನತೆಯಲ್ಲಿದ್ದವರಂತೂ ಇನ್ನೂ ಕಡಿಮೆ ಟೀಕೆಗೇ ಕುಸಿಯುತ್ತಿದ್ದರು.

ಮನೆಯವರೇ ಕಾಯಿಲೆ ತಂದಿಟ್ಟರು ಎಂದು ಇದರ ಅರ್ಥವಲ್ಲ. ಈಗಾಗಲೇ ನೊಂದ ಮನಸ್ಸು ಮಾಯಬೇಕಾದರೆ ಮನೆಯ ದನಿ ಮುಖ್ಯ ಎಂದಷ್ಟೇ.

ಟೀಕೆ, ಹಗೆ, ಅತಿಕಾಳಜಿ ಈ ಮೂರರಲ್ಲಿ ಕೊನೆಯದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಬೈಗುಳ ಕೆಟ್ಟದ್ದೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ‘ನಿನಗಾಗಿ ಜೀವ ತೇಯ್ದೆ’ ಎನ್ನುತ್ತಾ ಇಪ್ಪತ್ತರ ಮಗಳ ಫೋನು, ಗೆಳತಿಯರು, ಓದು, ಬಟ್ಟೆ ಎಲ್ಲವನ್ನೂ ತಾನೇ ತೀರ್ಮಾನಿಸುವ ತಾಯಿಯನ್ನು ಊರೆಲ್ಲ ಹೊಗಳುತ್ತದೆ. ಆಕೆಯ ಪ್ರೀತಿ ನಿಜ, ಅದರ ಭಾರವೂ ನಿಜ. ಭಾರವಾಗುತ್ತಿದೆ ಎಂದು ಅನಿಸಿದ ಮಾತ್ರಕ್ಕೆ ಮಗಳು ಕೃತಘ್ನಳಾಗುವುದಿಲ್ಲ.

ಹಾಗೆಂದು ನಮ್ಮ ಮನೆಗಳೆಲ್ಲ ಕೆಟ್ಟವು ಎನ್ನುವಂತಿಲ್ಲ. ಲಂಡನ್ನಿನ ಅದೇ ಅಳತೆಯನ್ನು ಚಂಡೀಗಢದಲ್ಲಿ ಮನೋವೈದ್ಯ ಎನ್. ಎನ್. ವಿಗ್ ಮತ್ತು ಅವರ ತಂಡ ಬಳಸಿದಾಗ, ಅಲ್ಲಿನ ಕುಟುಂಬಗಳಲ್ಲಿ ಲಂಡನ್ನಿಗಿಂತ ಟೀಕೆ ಕಡಿಮೆ ಇತ್ತು, ಹಳ್ಳಿಗಳಲ್ಲಿ ಇನ್ನೂ ಕಡಿಮೆ. ಅದಕ್ಕೂ ಮೊದಲು, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದ ಜೊತೆಗೇ ಕೂತು ಚಿಕಿತ್ಸೆ ನೀಡುವ ವಿಭಾಗವಿದೆ. ಲಂಡನ್ನಿನಲ್ಲಿ ಲೆಫ್ ಮನೆಯವರನ್ನು ಸೇರಿಸಿ ಕಾಯಿಲೆಯ ಬಗ್ಗೆ ತಿಳಿಹೇಳಿದಾಗ ಟೀಕೆ ತಗ್ಗಿತು, ಮರುಕಳಿಸುವುದೂ ತಗ್ಗಿತು. ಎಂದರೆ ದೊಡ್ಡವರ ದನಿಯೂ ಬದಲಾಗಬಲ್ಲದು.

ಬದಲಾಗದಿದ್ದರೆ? ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿಗಳಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ನಡುವಯಸ್ಸಿನವರೆಗೂ ಹಿಂಬಾಲಿಸಿ ನೋಡಿದರು. ಬಡತನ, ಕುಡಿತ, ಸದಾ ಜಗಳ, ತಂದೆತಾಯಿಯ ಮನೋರೋಗದ ನಡುವೆ ಬೆಳೆದವರಲ್ಲೂ ಮೂರರಲ್ಲೊಂದು ಪಾಲು ಮಕ್ಕಳು ಆತ್ಮವಿಶ್ವಾಸದ, ಅಕ್ಕರೆಯ ಮನುಷ್ಯರಾಗಿ ಬೆಳೆದಿದ್ದರು. ಅವರಿಗೆ ಕೊನೇಪಕ್ಷ ಒಬ್ಬರಾದರೂ ಗಟ್ಟಿಯಾಗಿ ಜೊತೆಗಿದ್ದರು: ಅಜ್ಜಿಯೋ ಅಕ್ಕನೋ ಪಕ್ಕದ ಮನೆಯವರೋ ಶಾಲೆಯ ಮೇಷ್ಟರೋ. ಹದಿಹರೆಯದಲ್ಲಿ ದಾರಿ ತಪ್ಪಿದ್ದ ಎಷ್ಟೋ ಜನ ಮೂವತ್ತರ ಹೊತ್ತಿಗೆ, ಮತ್ತೆ ಓದಿಯೋ ಕೆಲಸ ಹಿಡಿದೋ ಒಳ್ಳೆಯ ಸಂಗಾತಿ ಸಿಕ್ಕಿಯೋ, ನೆಲೆ ಕಂಡುಕೊಂಡಿದ್ದರು. ಹದಿನೆಂಟಕ್ಕೇ ತನ್ನ ಕತೆ ಮುಗಿಯಿತು ಎಂದುಕೊಳ್ಳುವ ಪ್ರತಿ ಹುಡುಗಿಗೂ ಇದು ಗೊತ್ತಾಗಬೇಕು.

ನಿನ್ನ ಬಗ್ಗೆ ನಿನಗಿರಬೇಕಾದ ಗೌರವಕ್ಕೆ ಹೊಗಳಿಕೆಗಾಗಿ ಕಾಯಬೇಕಿಲ್ಲ. ನೆದರ್ಲೆಂಡ್ಸ್‌ನಲ್ಲಿ 7ರಿಂದ 11 ವರ್ಷದ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ‘ನನ್ನ ಮಗು ಎಲ್ಲರಿಗಿಂತ ಮೇಲು’ ಎಂದು ತಂದೆತಾಯಿ ಏರಿಸಿದ ಕಡೆ ಮಕ್ಕಳಲ್ಲಿ ಗರ್ವ ಬೆಳೆದಿತ್ತು. ಬರೀ ಅಕ್ಕರೆ ಸಿಕ್ಕ ಕಡೆ ಸ್ವಾಭಿಮಾನ ಬೆಳೆದಿತ್ತು.

ಇನ್ನು ಮಾಡಬೇಕಾದ್ದು. ಜಗಳ ಕಾವೇರಿರುವಾಗ ಏನೂ ಹೇಳಬೇಡ. ಅಪ್ಪ ಒಬ್ಬರೇ ಇರುವ ಹೊತ್ತು ನೋಡಿ, ಒಂದೇ ಮಾತು ಹೇಳು: ‘ಅಪ್ಪಾ, ಮಾರ್ಕ್ಸ್ ಬಗ್ಗೆ ಬೈಯಿರಿ, ಕೇಳ್ತೀನಿ. ಹುಟ್ಟಿದ್ದೇ ದಂಡ ಅಂತ ಮಾತ್ರ ಅನ್ನಬೇಡಿ.’ ಕೆಲವು ಅಪ್ಪಂದಿರು ಆಗ ಸುಮ್ಮನಾಗುತ್ತಾರೆ, ಕೆಲವರು ಇನ್ನೂ ಜೋರು ಮಾಡುತ್ತಾರೆ. ಜೋರು ಮಾಡಿದರೆ ವಾದಕ್ಕಿಳಿಯಬೇಡ. ಅಪ್ಪ ಯಾರ ಮಾತಿಗೆ ತಲೆಬಾಗುತ್ತಾರೋ ಆ ಸೋದರತ್ತೆಗೋ ದೊಡ್ಡಪ್ಪನಿಗೋ ವಿಷಯ ತಿಳಿಸು. ಕೈ ಎತ್ತಿದರೆ ಮಾತ್ರ ಕಾಯುತ್ತ ಕೂರಬಾರದು. ಹದಿನೆಂಟು ತುಂಬದವರಿಗೆ 1098, ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ.

ನಿದ್ದೆ ಬಾರದೆ, ಊಟ ಸೇರದೆ ವಾರಗಳು ಕಳೆದರೆ, ಅಥವಾ ಬದುಕೇ ಬೇಡ ಎನಿಸಿದರೆ, ಆ ಗಳಿಗೆಯಲ್ಲೇ 14416ಕ್ಕೆ ಕರೆ ಮಾಡು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿಮಾನಸ್ ಸಹಾಯವಾಣಿ. ಹಗಲುರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮೊದಲ ಸಲ ಮಾತನಾಡಿದವರ ಜೊತೆ ಹೊಂದಾಣಿಕೆಯಾಗದಿದ್ದರೆ ಇನ್ನೊಮ್ಮೆ ಮಾಡು. ಅಮ್ಮ ಅಪ್ಪನಿಗೂ ಆ ಸಂಖ್ಯೆ ಕೊಡು. ಮಗಳ ಜೊತೆ ಹೇಗೆ ಮಾತನಾಡಬೇಕು ಎಂದು ತೋಚದ ತಂದೆತಾಯಿಯೂ ಅಲ್ಲಿ ಕೇಳಬಹುದು.

ಇಂತಿ,
ನಿನ್ನ ಒಳಿತನ್ನು ಬಯಸುವ ಹಿರಿಯ