ಪಿರಮಿಡ್ಡಿನಲ್ಲಿ ಚಾಸರ್ ಎಲ್ಲಿ?

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಬೋಧನಾಭ್ಯಾಸದ ಎರಡನೇ ವಾರ ಸಮಾಜ ವಿಜ್ಞಾನದ ಶಿಕ್ಷಕರು ರಜೆ ಹಾಕಿದ್ದರಿಂದ, ಒಂಬತ್ತನೇ ತರಗತಿಗೆ ಇಂಗ್ಲೆಂಡಿನ ಊಳಿಗಮಾನ್ಯ ಪದ್ಧತಿಯ ಪಾಠ ಮಾಡುವ ಸರದಿ ನನಗೆ ಬಂತು. ಹಲಗೆಯ ಮೇಲೆ ಪಿರಮಿಡ್ ಬರೆದೆ. ತುದಿಯಲ್ಲಿ ರಾಜ, ಕೆಳಗೆ ಸಾಮಂತರು, ಅವರ ಕೆಳಗೆ ನೈಟ್ ಎಂಬ ಯೋಧರು, ತಳದಲ್ಲಿ ಒಡೆಯನ ಜಮೀನಿಗೆ ಕಟ್ಟುಬಿದ್ದ ಜೀತದ ರೈತರು. ಭೂಮಿ ಮೇಲಿನಿಂದ ಕೆಳಕ್ಕೆ, ಸೇವೆ ಕೆಳಗಿನಿಂದ ಮೇಲಕ್ಕೆ. ಸೂತ್ರದಷ್ಟೇ ಅಚ್ಚುಕಟ್ಟು! ಕೊನೆಯಲ್ಲಿ, 14ನೇ ಶತಮಾನದ ಕವಿ ಜೆಫ್ರಿ ಚಾಸರನ ಹೆಸರನ್ನೂ ಹೇಳಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಚಾಸರ್ ಇದರಲ್ಲಿ ಎಲ್ಲಿ ಬರ್ತಾನೆ?" ಎಂದಳು. ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಮ್ಮ" ಎಂದೆ. ವೀಕ್ಷಣೆಗೆ ಕೂತಿದ್ದ ಮಾರ್ಗದರ್ಶಕರು ಏನೋ ಬರೆದುಕೊಂಡರು.

ಅಂದು ಸಂಜೆ ಓದಿದಾಗ ತಿಳಿಯಿತು: ಚಾಸರ್ ಲಂಡನ್ನಿನ ದ್ರಾಕ್ಷಾರಸದ ವ್ಯಾಪಾರಿಯ ಮಗ. ಹುಡುಗನಾಗಿದ್ದಾಗಲೇ ರಾಜಮನೆತನದ ಸೇವೆಗೆ ಸೇರಿದ. ಫ್ರಾನ್ಸಿನ ಯುದ್ಧದಲ್ಲಿ ಸೆರೆಸಿಕ್ಕು, 1360ರಲ್ಲಿ ಬಿಡುಗಡೆಯಾದ. ಬಿಡುಗಡೆಯ ಹಣಕ್ಕೆ ರಾಜನೇ 16 ಪೌಂಡ್ ಕೊಟ್ಟ. 1374ರಿಂದ 12 ವರ್ಷ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕದ ಲೆಕ್ಕ ನೋಡಿಕೊಂಡ. ರಾಜಸೇವೆಗೆ ಅವನಿಗೆ ಸಿಕ್ಕಿದ್ದು ಜಹಗೀರಲ್ಲ, ವರ್ಷಾಶನ. ಅಂದರೆ ಭೂಮಿಯ ಜಾಗಕ್ಕೆ ಹಣ ಬಂದಿತ್ತು. ನನ್ನ ಪಿರಮಿಡ್ಡಿನಲ್ಲಿ ಇಲ್ಲದಿದ್ದದ್ದು ಅದೇ.

ಮರುದಿನ ಚೀಟಿಗಳನ್ನು ಮಾಡಿಕೊಂಡು ಹೋದೆ. ಚಾಸರನ 'ಕ್ಯಾಂಟರ್ಬರಿ ಕಥೆಗಳು' ಕೃತಿಯಲ್ಲಿ ಯಾತ್ರೆ ಹೊರಟವರ ಹೆಸರು ಅವುಗಳಲ್ಲಿದ್ದವು: ನೈಟ್, ಹಳ್ಳಿಯ ಪಾದ್ರಿ, ಉಳುವವ, ವ್ಯಾಪಾರಿ, ವೈದ್ಯ, ನಾವಿಕ, ಬಟ್ಟೆ ನೇಯುವ ಬಾತ್ ಊರಿನ ಹೆಂಗಸು. ಯುದ್ಧ ಮಾಡುವವರು, ಪ್ರಾರ್ಥಿಸುವವರು, ದುಡಿಯುವವರು ಎಂಬ ಮೂರೇ ವರ್ಗಗಳೆಂದು ಆಗಿನವರು ಹೇಳುತ್ತಿದ್ದರು. ಅದರಂತೆ ಚೀಟಿ ಹಂಚಲು ಹೇಳಿದೆ. ಮೊದಲ ಮೂರು ಚೀಟಿ ಸಲೀಸಾಗಿ ಕೂತವು. ಉಳಿದವುಗಳ ಬಗ್ಗೆ ಜಗಳವೇ ಆಯಿತು. "ಇವರ ಜೊತೆಗೇ ಚಾಸರನನ್ನೂ ಇಡಿ ಮಿಸ್" ಎಂದಳು ಅದೇ ಹುಡುಗಿ.

ಹಾಗಾದರೆ ತಳದ ರೈತರ ಪಾಡು? 1348-49ರ ಪ್ಲೇಗಿನಲ್ಲಿ ಇಂಗ್ಲೆಂಡಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಸತ್ತರು. ದುಡಿಯುವ ಕೈ ಕಡಿಮೆಯಾಯಿತು, ಕೂಲಿ ಏರಿತು. 1351ರ ಕಾಯ್ದೆ ಕೂಲಿಯನ್ನು ಪ್ಲೇಗಿನ ಹಿಂದಿನ ದರಕ್ಕೇ ಕಟ್ಟಿಹಾಕಲು ನೋಡಿತು. ಮೇಲೆ ತಲೆಗಂದಾಯವೂ ಬಿದ್ದಾಗ, 1381ರಲ್ಲಿ ರೈತರು ದಂಗೆ ಎದ್ದರು. ಎಸೆಕ್ಸಿನ ದಂಗೆಕೋರರು ಲಂಡನ್ನಿಗೆ ನುಗ್ಗಿದ್ದು ಆಲ್ಡ್‌ಗೇಟ್ ಬಾಗಿಲಿನಿಂದ; ಚಾಸರನ ಮನೆ ಇದ್ದದ್ದು ಅದೇ ಬಾಗಿಲಿನ ಮೇಲೆ! ದಂಗೆಯನ್ನು ಹತ್ತಿಕ್ಕಿದರು. ಆದರೂ ಮುಂದಿನ ಶತಮಾನದಲ್ಲಿ ಜೀತ ಕ್ರಮೇಣ ಕರಗಿತು.

ಭೌತವಿಜ್ಞಾನದಲ್ಲಿ ಘರ್ಷಣೆಯಿಲ್ಲದ ಸಮತಲವನ್ನು ಊಹಿಸಿಕೊಳ್ಳುತ್ತೇವೆ, ಅದು ಊಹೆ ಎಂದು ಮೊದಲೇ ಹೇಳುತ್ತೇವೆ. ಪಿರಮಿಡ್ ಬರೆದಾಗ ನಾನು ಆ ಮಾತು ಹೇಳಲಿಲ್ಲ. ತಳದವರು ಅಲ್ಲೇ ಇರುವುದು ಸಹಜ ಎಂಬಂತೆ ಚಿತ್ರ ಬರೆದು ಮುಗಿಸಿದ್ದೆ. ಮುಂದೆ ಈ ಪಾಠ ಮಾಡುವ ಸಹಪಾಠಿಗಳು ಚಿತ್ರ ಖಂಡಿತ ಬರೆಯಲಿ, ಆಮೇಲೆ "ಇದರೊಳಗೆ ಯಾರು ಹಿಡಿಸುವುದಿಲ್ಲ?" ಎಂದು ಮಕ್ಕಳನ್ನು ಕೇಳಲಿ.

ವೀಕ್ಷಣಾ ಪುಸ್ತಕವನ್ನು ಆಮೇಲೆ ನೋಡಿದೆ. ಮಾರ್ಗದರ್ಶಕರು ಬರೆದಿದ್ದರು: "ಪ್ರಶ್ನೆ ಚೆನ್ನಾಗಿತ್ತು. ಅದನ್ನು ಶಿಕ್ಷಕಿಯೇ ಕೇಳಬೇಕಿತ್ತು."