‘ಟೆನ್ಷನ್ ತಗೋಬೇಡ ಮಗಾ’ ಅನ್ನೋ ಮುಂಚೆ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಎರಡು ತಿಂಗಳು ಹೊಟ್ಟೆನೋವು ಅಂತಲೇ ಇದ್ದ. ಊರು ಗೆಜ್ಜಲಗೆರೆ ಪಕ್ಕ. ಮನೆಯಲ್ಲಿ ಎರಡು ಹಸು. ಡೇರಿಗೆ ಹಾಲು ಹಾಕಿದ ದುಡ್ಡಲ್ಲೇ ಇವನ ಮೆಸ್ ಬಿಲ್ಲು. ಸ್ಕ್ಯಾನಿಂಗ್ ಆಯ್ತು, ಏನೂ ಸಿಗಲಿಲ್ಲ. ಮೂರು ಬ್ಯಾಕ್‌ಲಾಗ್ ಇದ್ದದ್ದು ನಮಗೆ ಗೊತ್ತಿತ್ತು. ನಾವೆಲ್ಲ ಹೇಳಿದ್ದು ಒಂದೇ ಮಾತು, ‘ಟೆನ್ಷನ್ ತಗೋಬೇಡ ಮಗಾ.’ ಊರಿಗೆ ಹೋದವನು ಪರೀಕ್ಷೆಗೂ ಬರಲಿಲ್ಲ.

ಆಮೇಲೆ ನಮ್ಮ ಕ್ಲಬ್ಬಿನ ಓದುಕೂಟದಲ್ಲಿ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರನ್ನು ಓದೋಕೆ ಶುರು ಮಾಡಿದೆವು. ಅವರು ನಮಗೆ ದೂರದವರೇನಲ್ಲ. ಗೆಜ್ಜಲಗೆರೆಯಲ್ಲಿ ಬೆಂಗಳೂರು ಬಸ್ ಹತ್ತಿದರೆ ಮದ್ದೂರು ದಾಟಿ ಚನ್ನಪಟ್ಟಣ ಸಿಗುತ್ತಲ್ಲ, ಆ ಊರು ಅವರ ಇನಿಷಿಯಲ್‌ನಲ್ಲೇ ಇದೆ: ಚನ್ನಪಟ್ಟಣ ರಾಜಣ್ಣಾಚಾರ್. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಉಚಿತ ಆಪ್ತಸಲಹಾ ಕೇಂದ್ರ ನಡೆಸಿದರು. 2024ರಲ್ಲಿ ಪದ್ಮಶ್ರೀ ಬಂತು.

ನಮ್ಮನ್ನು ಹಿಡಿದದ್ದು ಪ್ರಶಸ್ತಿಯಲ್ಲ, ಅವರ ಎರಡು ಕೆಲಸ. ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮನೋವೈದ್ಯ ಘಟಕ ತೆರೆದಾಗ ಎದುರಿಗಿದ್ದ ಪ್ರಶ್ನೆ ಸರಳ: ಹಳ್ಳಿಗಳು ಸಾವಿರಾರು, ಮನೋವೈದ್ಯರು ಬೆರಳೆಣಿಕೆ. ಹಾಗಾದರೆ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಕಲಿಸೋಣ ಅಂತ ಕೈಪಿಡಿ ಬರೆದವರಲ್ಲಿ ಚಂದ್ರಶೇಖರ್ ಒಬ್ಬರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇಡೀ ಲೋಡು ಒಂದೇ ಕಂಬದ ಮೇಲೆ ಬೀಳದಂತೆ ಹಂಚಿದರು. ಕನ್ನಡದಲ್ಲಿ ಅವರು ಬರೆದ ರಾಶಿ ಪುಸ್ತಕಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ.

ಇನ್ನೊಂದು, ‘ಮೈಮೇಲೆ ದೇವರು ಬರುವುದ’ರ ಕುರಿತ ಅವರ ಅಧ್ಯಯನ. ನಾವಾದರೆ ‘ನಾಟಕ’ ಅಂತ ನಕ್ಕು ಮುಗಿಸುತ್ತೇವೆ. ಆದರೆ ಮನೆಯಲ್ಲಿ ಬಾಯಿ ತೆರೆಯಲಾಗದ ಸೊಸೆ ದೇವರು ಬಂದಾಗ ಅತ್ತೆಗೆ ಗದರಬಹುದು, ಮನೆಮಂದಿಯೆಲ್ಲ ಕೈಮುಗಿದು ಕೇಳುತ್ತಾರೆ. ಬೇಕೂಂತ ಮಾಡೋದಲ್ಲ ಅದು; ನೇರವಾಗಿ ಹೇಳಲಾಗದ ಸಂಕಟ ಮೈಯ ಮೂಲಕ ಮಾತಾಡುತ್ತದೆ. ಕಾಲು ಜೋಮು, ಎದೆ ಡವಡವ, ತಲೆಭಾರ ಕೂಡ ಎಷ್ಟೋ ಸಲ ಹೀಗೆಯೇ. ಮೊದಲು ದೇಹದ ಪರೀಕ್ಷೆ ಆಗಲೇಬೇಕು, ಅದರಲ್ಲಿ ರಾಜಿ ಇಲ್ಲ. ರಿಪೋರ್ಟ್ ನಾರ್ಮಲ್ ಬಂತು ಅಂದಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ ಅನ್ನೋದು ಇಲ್ಲಿನ ಮುಖ್ಯ ಪಾಠ.

ಅಮೆರಿಕದ ಕಾರ್ಲ್ ರೋಜರ್ಸ್ (1902–1987) ಇದನ್ನೇ ಇನ್ನೊಂದು ದಾರಿಯಲ್ಲಿ ಹಿಡಿದ. ಹೊಲದ ಮನೆಯಲ್ಲಿ ಬೆಳೆದು, ಕಾಲೇಜಿಗೆ ಮೊದಲು ಸೇರಿದ್ದು ಕೃಷಿ ಓದಲು! ಬುದ್ಧಿವಾದ ಬಿಟ್ಟು, ಎದುರಿನವರು ಹೇಳಿದ್ದು ತನಗೆ ಹೇಗೆ ಅರ್ಥವಾಯಿತೆಂದು ಅವರಿಗೇ ಹೇಳಿ, ಸರಿಯಾ ಎಂದು ತಿಳಿಯುವುದು ಅವನ ಪದ್ಧತಿ. ಓದಲು ಸುಲಭ. ನಾವು ಇಬ್ಬಿಬ್ಬರಾಗಿ ಕೂತು ಪ್ರಯತ್ನಿಸಿದಾಗ ಎರಡು ನಿಮಿಷಕ್ಕೇ ‘ನೀನೊಂದ್ ಕೆಲ್ಸ ಮಾಡು...’ ಬಾಯಿಗೆ ಬಂತು. ಎಲ್ಲರಿಗೂ.

ನಾವು ಚಿಕಿತ್ಸಕರಲ್ಲ, ಆಗಲೂ ಹೋಗಬಾರದು. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ ಒಬ್ಬನನ್ನೇ ಬಿಡದೆ ವೈದ್ಯರ ಬಳಿ ಕರೆದೊಯ್ಯಬೇಕು. 2022ರಿಂದ ಸರ್ಕಾರದ ಟೆಲಿ ಮನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಹೋದ ತಿಂಗಳು ಅವನ ಊರಿಗೆ ಹೋಗಿದ್ದೆವು. ಕೊಟ್ಟಿಗೆ ಪಕ್ಕ ಕೂತು, ಈ ಸಲ ಬೇರೇನೂ ಹೇಳದೆ, ‘ಹೊಟ್ಟೆನೋವು ಯಾವಾಗ ಜಾಸ್ತಿ ಆಗ್ತಿತ್ತೋ?’ ಅಂತ ಕೇಳಿದೆವು. ತುಂಬ ಹೊತ್ತು ಸುಮ್ಮನಿದ್ದ.

‘ಭಾನುವಾರ ಸಂಜೆ,’ ಅಂದ. ‘ಅಪ್ಪ ಫೋನ್ ಮಾಡೋ ಟೈಮಿಗೆ.’