ಬಾಟ್ಲಿ ಬಿಚ್ಚುವ ಮುಂಚೆ ಒಂದು ಮಾತು

ಬೆಂಗಳೂರಿನ ಮನೆಗೆ ಗೆಳೆಯರನ್ನೆಲ್ಲ ಕರೆದು ಫ್ರೆಂಚ್ ವೈನು, ಚೀಸಿನ ಪಾರ್ಟಿ ಮಾಡುತ್ತೀಯಂತೆ. ಮಾಡು ಮಾರಾಯ, ಈ ವಯಸ್ಸಲ್ಲದೆ ನನ್ನ ವಯಸ್ಸಲ್ಲಿ ಮಾಡುತ್ತೀಯಾ? ಶೃಂಗೇರಿಯ ಅಜ್ಜನಿಗೆ ಇದರ ಉಸಾಬರಿ ಯಾಕೆ ಅಂತ ಮಾತ್ರ ನಗಬೇಡ. ಕಾಫಿಯ ರುಚಿ ನೋಡುವ ಕೆಲಸದಲ್ಲಿ, ಚಮಚದಲ್ಲಿ ಸೊರ್ರನೆ ಹೀರಿ ಉಗುಳುತ್ತಲೇ ನಾಲಗೆ ಸವೆಸಿದವನು ನಾನು. ಲಿಯೋನ್‌ನಲ್ಲಿರುವ ನಿನ್ನ ಅತ್ತೆಯ ಮನೆಗೆ ಹೋದಾಗೆಲ್ಲ ಅಲ್ಲಿನ ಸಂತೆಯನ್ನೂ ಸುತ್ತಿದ್ದೇನೆ.

ದುಬಾರಿ ಬಾಟ್ಲಿಗೆ ದುಬಾರಿ ಚೀಸು ಅಂತ ಗಂಟು ಹಾಕಬೇಡ. ಬೆಲೆ ಬಿಡು, ಊರು ಕೇಳು. ಲುವಾರ್ ನದಿಯ ಕಡೆ ಷವಿನ್ಯೋಲ್ ಅಂತ ಹಳ್ಳಿ. ಅಲ್ಲಿ ಆಡಿನ ಹಾಲಿನ ಪುಟ್ಟ ಚೀಸು ಮಾಡುತ್ತಾರೆ. ಅದಕ್ಕೆ ಅಲ್ಲೇ ಸುತ್ತ ಬೆಳೆದ ದ್ರಾಕ್ಷಿಯ ಸಾನ್ಸೇರ್ ಬಿಳಿ ವೈನು. ಚೀಸೂ ಸ್ವಲ್ಪ ಹುಳಿ, ವೈನೂ ಹುಳಿ, ಎರಡೂ ಹೊಂದುತ್ತವೆ. ಝೂರಾ ಬೆಟ್ಟದ ಕೋಂತೆ ಚೀಸಿಗೆ ಅಲ್ಲಿಯದೇ ವ್ಯಾನ್ ಝೋನ್, ಅಂದರೆ ಹಳದಿ ವೈನು. ಅದು ಪೀಪಾಯಿಯಲ್ಲಿ 6 ವರ್ಷಕ್ಕೂ ಹೆಚ್ಚು ಸುಮ್ಮನೆ ಕೂತಿರುತ್ತದೆ. ನಿನಗೆ ಕುಕ್ಕರಿನ ಮೂರು ಸೀಟಿಗೆ ಕಾಯುವ ತಾಳ್ಮೆಯಿಲ್ಲ! ನಾರ್ಮಂಡಿಯವರು ದ್ರಾಕ್ಷಿ ಬರಲಿಲ್ಲ ಅಂತ ಅಳುತ್ತ ಕೂರಲಿಲ್ಲ. ಕಮಾಂಬೇರ್ ಚೀಸಿಗೆ ತಮ್ಮ ಸೇಬಿನ ಸೈಡರನ್ನೇ ಇಟ್ಟುಕೊಂಡರು. ಹಲಸಿನ ಹಣ್ಣಿಗೆ ಜೇನು, ಅಕ್ಕಿರೊಟ್ಟಿಗೆ ಬೆಣ್ಣೆ ಅಂತ ನಮಗೇನು ಪುಸ್ತಕ ಹೇಳಿಕೊಟ್ಟಿತಾ? ಕೈಗೆ ಸಿಕ್ಕಿದ್ದನ್ನು ತಲೆಮಾರುಗಳು ತಿಂದು ನೋಡಿ, ಒಗ್ಗಿದ್ದನ್ನು ಉಳಿಸಿಕೊಂಡವು.

ಹಾಗಂತ ಊರೊಂದೇ ಲೆಕ್ಕ ಅಂದುಕೊಳ್ಳಬೇಡ. ರೋಕ್‌ಫೋರ್ ಕುರಿಯ ಹಾಲಿನ ಚೀಸು, ಗುಹೆಯಲ್ಲಿ ಹಣ್ಣಾಗುತ್ತದೆ, ಒಳಗೆಲ್ಲ ನೀಲಿ ಬೂಷ್ಟು. ನಮ್ಮ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದ 1925ರಲ್ಲೇ ಫ್ರಾನ್ಸಿನವರು ಆ ಹೆಸರಿಗೆ ಕಾನೂನಿನ ಬೇಲಿ ಹಾಕಿದರು. ಅದರ ಜೋಡಿ ಮಾತ್ರ ದೂರದ ಬೋರ್ಡೋ ಸೀಮೆಯ ಸೋಟೆರ್ನ್, ಬೂಷ್ಟು ಹಿಡಿದ ದ್ರಾಕ್ಷಿಯದೇ ಸಿಹಿ ವೈನು. ಮಳೆಗಾಲದಲ್ಲಿ ಅಟ್ಟದ ಚೀಲಕ್ಕೆ ಬೂಷ್ಟು ಬಂದರೆ ನಾವು ಬೈಯುತ್ತೇವೆ, ಅವರು ಸಾಕುತ್ತಾರೆ. ಆ ಚೀಸು ಬಾಯಿ ಸುಡುವಷ್ಟು ಉಪ್ಪು. ವೈನಿನ ಸಿಹಿ ಅದನ್ನು ತಡೆದು ನಿಲ್ಲಿಸುತ್ತದೆ. ಊರು ಹೊಂದದಿದ್ದರೂ ರುಚಿ ಹೊಂದೀತು.

ನೀವೆಲ್ಲ ಎಡವುವುದು ಕೆಂಪು ವೈನಿನಲ್ಲಿ. ಯಾವ ಚೀಸಾದರೂ ಸರಿ, ಕೆಂಪೇ ಬೇಕು! ಸುಗ್ಗಿಯಲ್ಲಿ ಅಡಿಕೆ ಬೇಯಿಸುವಾಗ ಚೊಗರು ನಾಲಗೆಗೆ ತಾಗಿಸಿಕೊಂಡು ಮುಖ ಹಿಂಡಿದ್ದೆಯಲ್ಲ, ಕೆಂಪು ವೈನಿನಲ್ಲಿರುವುದೂ ಅದೇ ಜಾತಿಯ ಒಗರು. ಮೆತ್ತನೆಯ ಕಮಾಂಬೇರ್ ಜೊತೆ ಒಗರು ಜಾಸ್ತಿಯಿರುವ ವೈನು ಕುಡಿದರೆ ಬಾಯಿ ಕಹಿ ಕಹಿ. ಸಂಶಯವಿದ್ದರೆ ಬಿಳಿಯದನ್ನೇ ತಗೋ.

ಇನ್ನು ಬಡಿಸುವ ವಿಷಯ. ಫ್ರಿಜ್ಜಿನಿಂದ ತೆಗೆದ ಚೀಸನ್ನು ಹಾಗೇ ಇಟ್ಟರೆ ಮೇಣ ಅಗಿದಂತೆ. ಒಂದು ಗಂಟೆ ಮೊದಲೇ ಹೊರಗಿಡು. ಸಪ್ಪೆಯದು ಮೊದಲು, ಖಡಕ್ಕಿನದು ಕೊನೆಗೆ. ದುಂಡನೆಯ ಚೀಸನ್ನು ನಡುವಿನಿಂದ ಅಂಚಿನವರೆಗೆ ತ್ರಿಕೋನವಾಗಿ ಕತ್ತರಿಸು. ಎಲ್ಲರಿಗೂ ತಿರುಳೂ ಸಿಗಬೇಕು, ಸಿಪ್ಪೆಯೂ ಸಿಗಬೇಕು. ಮೆತ್ತಗಿನ ತುದಿಯನ್ನಷ್ಟೇ ಕೊಯ್ದುಕೊಳ್ಳುವವನನ್ನು ಆ ದೇಶದಲ್ಲೂ ಮರ್ಯಾದಸ್ಥ ಅನ್ನುವುದಿಲ್ಲ.

ಇನ್ನೊಂದು. ಚೀಸು ಹಾಲಿನದು, ಯಾರು ಬೇಕಾದರೂ ತಿನ್ನಬಹುದು ಅಂದುಕೊಂಡಿದ್ದೀಯ. ರೋಕ್‌ಫೋರ್, ಕೋಂತೆಗಳಂಥವಕ್ಕೆ ಹಾಲು ಒಡೆಸುವುದು ಎಳೆಗರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಸಸ್ಯಾಹಾರಿ ಗೆಳೆಯರಿಗೆ ತಿಂದ ಮೇಲೆ ಹೇಳಬೇಡ, ಮೊದಲೇ ಹೇಳು. ಸೂಕ್ಷ್ಮಜೀವಿಗಳ ರೆನೆಟ್ ಹಾಕಿ ಮಾಡಿದ್ದು ನಮ್ಮ ದೇಶದಲ್ಲೇ ಸಿಗುತ್ತದೆ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ನೋಡಿ ತಗೋ. ಕುಡಿಯದವರ ಕೈಗೆ ಗ್ಲಾಸು ತುರುಕಬೇಡ. ಕುಡಿದವರ ಕೈಗೆ ಕಾರಿನ ಕೀಲಿ ಕೊಡಬೇಡ.

ಆರು ಬಗೆ ಬೇಡ, ಎರಡು ಸಾಕು. ಮೊದಲು ಚೀಸು, ಆಮೇಲೆ ವೈನು, ಆಮೇಲೆ ಎರಡೂ ಒಟ್ಟಿಗೆ. ಒಂದು ಇನ್ನೊಂದನ್ನು ನುಂಗಿಹಾಕಿದರೆ ಆ ಜೋಡಿ ಬಿಟ್ಟುಬಿಡು.

ಕೊನೆಗೊಂದು ಮಾತು, ನಾಲಗೆಯದಲ್ಲ, ಬಾಯಿಯದು. ನಮ್ಮ ಟೇಸ್ಟಿಂಗ್ ಮೇಜಿನಲ್ಲಿ ಹೊಸ ಹುಡುಗನೊಬ್ಬ "ಆಹಾ, ಚಾಕೊಲೇಟ್ ವಾಸನೆ" ಅಂದುಬಿಟ್ಟರೆ ಮುಗಿಯಿತು, ಎಲ್ಲರಿಗೂ ಚಾಕೊಲೇಟೇ. ಅದಕ್ಕೇ ಹಿರಿಯರು ಎಲ್ಲರೂ ಬರೆದು ಮುಗಿಸುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ನಿನಗೆ ರುಚಿ ಗುರುತಿಸುವ ನಾಲಗೆ ಇದೆ, ನಾನು ಬಲ್ಲೆ. ಆದರೆ ಫೋನಿನಲ್ಲಿ ಓದಿದ್ದನ್ನು ಗಿಳಿಪಾಠ ಒಪ್ಪಿಸುವ ಚಟವೂ ಇದೆ. ಆವತ್ತು ಬಡಿಸಿ ಸುಮ್ಮನಿರು. ಗೆಳೆಯರಿಗೆ ಏನನ್ನಿಸಿತು ಅಂತ ಮೊದಲು ಅವರೇ ಹೇಳಲಿ, ನಿನ್ನ ಸರದಿ ಕೊನೆಗೆ.